ಎಡಬಾಗಿಲಿನ ನೆಗ್ಗುಗಳು

ನಾನು ಒಂದು ಅಂಬಾಸಿಡರ್ ಕಾರು. ಹುಟ್ಟಿದ್ದೇ ಏಟಿನಿಂದ. ಚಪ್ಪಟೆ ತಗಡನ್ನು ಅಚ್ಚಿನ ಮೇಲಿಟ್ಟು ಯಂತ್ರ ಅಪ್ಪಳಿಸಿದಾಗ ನನಗೆ ಬಾಗಿಲುಗಳು ಬಂದವು. ಆಮೇಲೆ ಬಿಳಿ ಬಣ್ಣ ಹೊಡೆದರು. ನಮ್ಮ ಕಡೆ ಕಾರಿಗೆ ಏನು ಮಾಡಿದರೂ ಹೊಡೆಯುವುದೇ. ಗಾಳಿ ಹೊಡೆಯುತ್ತಾರೆ, ಹಾರ್ನ್ ಹೊಡೆಯುತ್ತಾರೆ, ಬಣ್ಣ ಹೊಡೆಯುತ್ತಾರೆ. ಬಹಳ ವರ್ಷ ಆ ಮಾತಿನಲ್ಲಿ ನನಗೆ ನೋವು ಕಾಣಲಿಲ್ಲ.

ಮೊದಲ ಮಾಲೀಕರು ಗದಗಿನ ಔಷಧ ವ್ಯಾಪಾರಿ ನಾಗಲಿಂಗಪ್ಪ. ಮಗು ಮಲಗಿರುವ ಕೋಣೆಯ ಬಾಗಿಲಿನಂತೆ ನನ್ನ ಬಾಗಿಲು ಹಾಕುತ್ತಿದ್ದರು. ಸಾಯುವ ಮುನ್ನ ನನ್ನನ್ನು ಮಗಳು ಶಶಿಕಲಾಳ ಹೆಸರಿಗೆ ಮಾಡಿಸಿದರು. ಕೀಲಿ ಮಾತ್ರ ಅವಳ ಗಂಡ ಗುರುಶಾಂತನ ಕಿಸೆ ಸೇರಿತು. ಅವನು ಬಾಗಿಲು ಹಾಕುತ್ತಿದ್ದುದು ಕಾಲಿನಿಂದ.

ಒಂದು ಸಂಜೆ ಅವಳು ಮನೆಯೊಳಗಿಂದ ಓಡಿಬಂದು ನನ್ನ ಹಿಂದಿನ ಸೀಟಿಗೆ ಬಿದ್ದಳು. ತುಟಿ ಒಡೆದಿತ್ತು. ಒಳಗಿನಿಂದ ಎಲ್ಲ ಬಾಗಿಲುಗಳ ಲಾಕ್ ಹಾಕಿಕೊಂಡಳು. ಕೀಲಿ ಅವನ ಕಿಸೆಯಲ್ಲೇ ಇತ್ತು; ಅದರಿಂದ ಅವನು ತೆರೆದದ್ದು ಡಿಕ್ಕಿಯನ್ನು. ಅಲ್ಲಿಂದ ಜಾಕಿಯ ರಾಡು ತೆಗೆದ. ಎಡಬಾಗಿಲಿಗೆ ಮೂರು ಏಟು. ತಗಡು ಒಳಕ್ಕೆ ಹೋಯಿತು, ಹರಿಯಲಿಲ್ಲ. ಮುಂದಿನ ಏಟು ಗಾಜಿಗೆ. ಗಾಜು ಸಿಡಿದು ರಾಡು ಒಳಗೆ ನುಗ್ಗಿ, ಮುಖಕ್ಕೆ ಅಡ್ಡ ಹಿಡಿದಿದ್ದ ಅವಳ ಕೈ ಮುರಿಯಿತು.

“ಬಚ್ಚಲದಾಗ ಜಾರಿ ಬಿದ್ದೆ ಅನ್ನು,” ಎಂದು ಆಸ್ಪತ್ರೆಯ ದಾರಿಯುದ್ದಕ್ಕೂ ಅವಳಿಗೆ ಕಲಿಸಿದ. ಅವಳು ಹಾಗೆ ಹೇಳಲಿಲ್ಲ. ಪೊಲೀಸರಿಗೆ ದೂರು ಕೊಟ್ಟಳು. ಕಾರು ನೋಡಲು ಅವರು ಬರುತ್ತಾರೆಂದು ಗೊತ್ತಾದ ಬೆಳಿಗ್ಗೆಯೇ ಗುರುಶಾಂತ ನನ್ನನ್ನು ಮೌಲಾಸಾಬನ ಗ್ಯಾರೇಜಿಗೆ ಒಯ್ದ.

“ಪೂರಾ ಬಣ್ಣ ಹೊಡಿ. ಮೊದಲ ಆ ಬಾಗಲಾ ನೋಡು.”

ಮೈಗೆ ಹಳೆಯ ಬಣ್ಣ ಕೀಳುವ ರಿಮೂವರ್ ಬಳಿದರು. ಬಣ್ಣ ಬೆಂದ ಚರ್ಮದಂತೆ ಬೊಬ್ಬೆ ಎದ್ದಿತು. ಕೆರೆದು ಸುಲಿದರು. ತುಕ್ಕಿನ ಅಂಚಿಗೆ ಗ್ರೈಂಡರ್ ಇಟ್ಟಾಗ ನನ್ನ ಮೈಯೇ ಕಿಡಿಯಾಗಿ ಹಾರಿತು. ಅದೆಲ್ಲ ತಡೆದುಕೊಂಡೆ. ಹೆದರಿಕೆ ಹುಟ್ಟಿಸಿದ್ದು ಮೌಲಾಸಾಬನ ಸಣ್ಣ ಸುತ್ತಿಗೆ. ಒಳಗಿನಿಂದ ಬಡಿದು ಆ ನೆಗ್ಗುಗಳನ್ನು ಅವನು ಸಮ ಮಾಡಿದರೆ ಶಶಿಕಲಾಳ ಮಾತಿಗೆ ಸಾಕ್ಷಿಯೇ ಉಳಿಯುವುದಿಲ್ಲ.

ಬರಿಯ ತಗಡಿನ ಮೇಲೆ ಅವು ಇನ್ನೂ ಸ್ಪಷ್ಟವಾಗಿದ್ದವು. ಮೂರೂ ಬೆರಳುದ್ದ, ಮೂರೂ ಒಂದೇ ಓರೆ. ಮೌಲಾಸಾಬ ಕೈಯಾಡಿಸಿದ.

“ಇವು ಹೆಂಗ ಬಿದ್ದುವ್ರೀ?”

“ಲಾರಿ ಸವರಿಕೊಂಡು ಹೋತು.”

“ಲಾರಿ ಸವರಿದ್ರ ಉದ್ದಕ ಗೀರತೈತಲ್ರೀ ಸಾವಕಾರ್ರ. ಇದು ನಿಂತು ನಿಂತು ಗುದ್ದಿದಂಗ ಐತಿ. ಯಾವ ಲಾರಿರೀ ಅದು, ಇಷ್ಟು ಪುರಸೊತ್ತಿಂದು?”

ಪಕ್ಕದ ವೆಲ್ಡಿಂಗಿನವನು ಕಿಸಕ್ಕನೆ ನಕ್ಕ. ಗುರುಶಾಂತನ ಕಿವಿ ಕೆಂಪಾದವು.

“ಲಾರಿ ಅಂದ್ರ ಲಾರಿ! ತಿಳೀತಿಲ್ಲೋ?” ಡಿಕ್ಕಿಯಿಂದ ಅದೇ ರಾಡು ಹೊರಗೆ ಬಂತು. ಮೌಲಾಸಾಬ ಪಕ್ಕಕ್ಕೆ ಹಾರಿದ. ಅವನಿಗೆಂದು ಬೀಸಿದ ಏಟು ನನ್ನ ಬಾಗಿಲಿಗೆ ಬಿತ್ತು.

ಮೂರು ನೆಗ್ಗುಗಳ ಪಕ್ಕದಲ್ಲಿ ನಾಲ್ಕನೆಯದು. ಅಷ್ಟೇ ಉದ್ದ, ಅದೇ ಓರೆ.

ಮೌಲಾಸಾಬ ಸುತ್ತಿಗೆ ಕೆಳಗಿಟ್ಟ. “ಲಾರಿ ಮತ್ತ ಬಂತು ನೋಡ್ರೀ,” ಎಂದ. ಈ ಸಲ ಯಾರೂ ನಗಲಿಲ್ಲ. ಗೇಟಿನಲ್ಲಿ ಪ್ಲಾಸ್ಟರ್ ಹಾಕಿದ ಕೈಯೊಂದಿಗೆ ಶಶಿಕಲಾ ನಿಂತಿದ್ದಳು. ಮನೆಯಲ್ಲಿ ಕಾರು ಕಾಣದೆ ಗ್ಯಾರೇಜುಗಳನ್ನು ಹುಡುಕಿಕೊಂಡು ಬಂದಿದ್ದಳು. ಜೊತೆಗಿದ್ದ ಮಹಿಳಾ ಪೇದೆ ಒಳಗೆ ನಡೆದುಬಂದು ಗುರುಶಾಂತನ ಕೈಯಿಂದ ರಾಡು ಕಿತ್ತುಕೊಂಡಳು.

ಅಲ್ಲಿಂದ ಠಾಣೆಯ ಹಿತ್ತಲು. ಬಣ್ಣವಿಲ್ಲದ ಮೈಗೆ ಬಿಸಿಲು, ಮಳೆ. ಪ್ರಕರಣ ಮುಗಿದು ಅವನಿಗೆ ಶಿಕ್ಷೆಯಾಗುವ ಹೊತ್ತಿಗೆ ನಾನು ಇಡಿಯಾಗಿ ಕೆಂಪಗೆ ತುಕ್ಕು ಹಿಡಿದಿದ್ದೆ. ಕೀಲಿಯನ್ನು ಶಶಿಕಲಾಳಿಗೆ ಕೊಟ್ಟರು. ನನ್ನನ್ನು ಎಳೆದು ತರಲು ಬಂದವನು ಮೌಲಾಸಾಬನೇ.

“ಬಣ್ಣ ಹೊಡೀಲೇನ್ರೀ ಅಕ್ಕಾರ?”

ಅವಳು ನೆಗ್ಗುಗಳ ಮೇಲೆ ಕೈಯಿಟ್ಟಳು. “ಬ್ಯಾಡೋ ಅಣ್ಣಾ. ಇನ್ನ ಇದಕ್ಕ ಯಾರೂ ಏನೂ ಹೊಡಿಯೂದು ಬ್ಯಾಡ.”

ಈಗ ಅವಳ ಅಂಗಳದ ಮೂಲೆಯಲ್ಲಿದ್ದೇನೆ. ತುಕ್ಕು ದಿನವೂ ಒಂದಿಷ್ಟು ತಿನ್ನುತ್ತದೆ. ತಿನ್ನಲಿ. ಅದು ಹೊಡೆಯುವುದಿಲ್ಲ.