ಅರವತ್ತು ಗ್ರಾಂ

ಅರವತ್ತು ಗ್ರಾಂ ಕಡಿಮೆ. ಅವನು ಬಗ್ಗಿ ಮತ್ತೊಮ್ಮೆ ನೋಡಿದ. ನಿನ್ನೆ ಮೂರು ಕಿಲೋ ನೂರ ನಲವತ್ತಿದ್ದವಳು ಇವತ್ತು ಮೂರು ಕಿಲೋ ಎಂಬತ್ತಕ್ಕೆ ಇಳಿದಿದ್ದಳು. ಹನ್ನೆರಡು ದಿನದ ಮಗಳು ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ತಕ್ಕಡಿಯ ಮೇಲೆ ಬರಿಮೈಯಲ್ಲಿ ಮಲಗಿ ಆಕಳಿಸಿದಳು.

ಅವನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಮಗು ಮನೆಗೆ ಬಂದ ದಿನ ಉಳಿದವರು ಬೊಂಬೆ, ಬಟ್ಟೆ ತಂದರೆ ಅವನು ಕಚೇರಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದ. ಎತ್ತಿಕೊಳ್ಳಲು ಹೋದರೆ ಅತ್ತೆ ‘ಕತ್ತು ಹುಷಾರು’ ಎಂದು ಕೈಯಿಂದ ಇಸಿದುಕೊಳ್ಳುತ್ತಿದ್ದರು. ತೂಗುವುದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಹೀಗಾಗಿ ಅವನು ದಿನಕ್ಕೆ ನಾಲ್ಕು ಸೆಕೆಂಡು ತಂದೆಯಾಗಿರುತ್ತಿದ್ದ.

“ಎಷ್ಟು?” ಹಾಸಿಗೆಯಿಂದ ಹೆಂಡತಿ ಕೇಳಿದಳು.

“ಸ್ವಲ್ಪ ಕಡಿಮೆ.”

“ಸ್ವಲ್ಪ ಅಂದ್ರೆ?”

ಹೇಳಿದ. ಅಂಕಿಯ ವಿಷಯದಲ್ಲಿ ಸುಳ್ಳು ಹೇಳುವವನಲ್ಲ ಅವನು.

“ಹಾಲು ಸಾಲ್ತಾ ಇಲ್ಲ ಅಂತ ನಾನು ಮೊದಲೇ ಅಂದಿದ್ದೆ,” ಎಂದರು ಅತ್ತೆ. ಅತ್ತೆ ಎಲ್ಲವನ್ನೂ ಮೊದಲೇ ಅಂದಿರುತ್ತಾರೆ; ಯಾವಾಗ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಹೆಂಡತಿ ಗೋಡೆಯ ಕಡೆ ತಿರುಗಿದಳು. ಹನ್ನೆರಡು ದಿನ, ಎರಡು ಗಂಟೆಗೊಮ್ಮೆ ಎದ್ದು, ನೋವಿಗೆ ತುಟಿ ಕಚ್ಚಿಕೊಂಡು ಹಾಲೂಡಿಸಿದ್ದಳು. ಈಗ ಸದ್ದಿಲ್ಲದೆ ಅಳುತ್ತಿದ್ದಳು.

ಮಗುವಿನ ಒದ್ದೆ ಲಂಗೋಟಿಯನ್ನು ಬಚ್ಚಲಿಗೆ ಒಯ್ಯುವಾಗ ಅವನಿಗೆ ಹೊಳೆಯಿತು. ನಿನ್ನೆ ಕಚೇರಿಗೆ ಹೊತ್ತಾಯಿತೆಂದು ಲಂಗೋಟಿಯ ಸಮೇತ ತೂಗಿದ್ದ. ಅದೂ ಇದರಷ್ಟೇ ಒದ್ದೆಯಾಗಿದ್ದ ಲಂಗೋಟಿ.

“ತಕ್ಕಡಿ ಸರಿ ಇದೆಯಾ ನೋಡ್ತೀನಿ,” ಎಂದು ಅದನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ಕದ ಮುಚ್ಚಿ, ಲಂಗೋಟಿಯನ್ನು ಚಿನ್ನದಂತೆ ತೂಗಿದ. ತೊಂಬತ್ತು ಗ್ರಾಂ. ಹಾಗಾದರೆ ಮಗು ಇಳಿದಿರಲಿಲ್ಲ. ಮೂವತ್ತು ಗ್ರಾಂ ಏರಿತ್ತು.

“ಸರಿ ಇತ್ತಾ?” ಹೆಂಡತಿ ಕೇಳಿದಳು.

“ಸರಿ ಇದೆ.”

ಇನ್ನೊಂದು ವಾಕ್ಯ ಸೇರಿಸಬೇಕಿತ್ತು, ಅಷ್ಟೇ. ತಪ್ಪು ನನ್ನದು. ಹದಿನೈದು ವರ್ಷ ಊರಿನವರ ತಪ್ಪುಗಳನ್ನೆಲ್ಲ ಹಿಡಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅತ್ತೆಯ ಎದುರು, ಅದೂ ಲಂಗೋಟಿಯ ವಿಷಯದಲ್ಲಿ! ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅತ್ತೆ ಹಾಲಿನ ಪುಡಿಯ ಡಬ್ಬ ತೆರೆದರು. ಒಲೆಯ ಮೇಲೆ ನೀರು ಕುದಿಯತೊಡಗಿತು.

“ಬಾಟಲಿ ರುಚಿ ಹತ್ತಿದ್ರೆ ಇವಳು ಮತ್ತೆ ನನ್ನ ಹತ್ರ ಬರ್ತಾಳೇನಮ್ಮ?”

“ಹೊಟ್ಟೆ ತುಂಬೋದು ಮುಖ್ಯ ಕಣೆ.”

“ಇನ್ನೊಂದು ಸಲ ತೂಗೋಣ,” ಎಂದ ಅವನು.

ಹೆಂಡತಿ ಎದ್ದು ಕೂತು ಕಣ್ಣೊರೆಸಿಕೊಂಡಳು. ಅವನು ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದ. ಉರುಳದಿರಲಿ ಎಂಬಂತೆ ಪಕ್ಕದಲ್ಲಿ ಕೈ ಇಟ್ಟ. ಆಮೇಲೆ ಕಿರುಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ಒತ್ತಿದ. ಇದೇ ಕೈಚಳಕಕ್ಕೆ ಕಳೆದ ವಾರವಷ್ಟೇ ಒಬ್ಬ ಮುದಿ ತರಕಾರಿಯವನ ತಕ್ಕಡಿ ಜಪ್ತಿ ಮಾಡಿ, ನೀತಿಪಾಠವನ್ನೂ ಹೇಳಿ ಬಂದಿದ್ದ.

ಮೂರು ಕಿಲೋ ನೂರ ಹತ್ತು. ನೂರ ನಲವತ್ತು. ನೂರ ಎಪ್ಪತ್ತು.

“ಅಮ್ಮ, ಡಬ್ಬ ಮುಚ್ಚು,” ಹೆಂಡತಿ ನಕ್ಕಳು. ಹನ್ನೆರಡು ದಿನಗಳಲ್ಲಿ ಮೊದಲ ಸಲ.

ಅಷ್ಟರಲ್ಲಿ ಮಗು ಕೈಯಾಡಿಸುತ್ತ ಅವನ ಆ ಬೆರಳನ್ನೇ ಹಿಡಿಯಿತು. ಇಷ್ಟು ಪುಟ್ಟ ಮುಷ್ಟಿಯಲ್ಲಿ ಇಷ್ಟು ಬಲವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಕೈ ತೆಗೀರಿ ಅಳಿಯಂದಿರೇ, ಅಂಕಿ ನಿಲ್ಲಲಿ,” ಎಂದರು ಅತ್ತೆ.

ಅವನು ಎಳೆದ. ಮಗು ಬಿಡಲಿಲ್ಲ. ಬೆರಳು ಮೇಲೆದ್ದರೆ ತೂಕ ಇಳಿಯುತ್ತಿತ್ತು, ಒತ್ತಿದರೆ ಏರುತ್ತಿತ್ತು. ಹೆಂಡತಿ ನಗು ನಿಲ್ಲಿಸಿ, ಏರಿಳಿಯುವ ಅಂಕಿಗಳನ್ನು ಬಿಟ್ಟು ಅವನ ಕೈಯನ್ನು ನೋಡತೊಡಗಿದಳು.