ಚಿನ್ನದ ಬಣ್ಣ ಹಚ್ಚಿದ ಹೆಸರು

ನಾನು ಸತ್ತ ಸುದ್ದಿ ನನಗೆ ತಿಳಿದದ್ದು ಗಡ್ಡ ಹೆರೆದುಕೊಳ್ಳುತ್ತಿರುವಾಗ. ಅದಕ್ಕೆ ಕಾರಣ ನನ್ನ ಹೆಂಡತಿ, ಅವಳ ಹೊಟ್ಟೆಕಿಚ್ಚು.

ನಾನೂ ನನ್ನ ತಮ್ಮನೂ ಒಂದೇ ಯುದ್ಧಕ್ಕೆ ಹೋದವರು. ಅವನು ಬರಲಿಲ್ಲ, ನಾನು ಕುಂಟುತ್ತ ಬಂದೆ. ಈ ವರ್ಷ ಜಿಲ್ಲೆಯ ಯೋಧರಿಗೆಲ್ಲ ಬಸ್ ನಿಲ್ದಾಣದ ಎದುರು ಸ್ಮಾರಕ ಕಟ್ಟಿಸಿದರು. ಕರಿಕಲ್ಲಿನ ಗೋಡೆಯಲ್ಲಿ ಎಲ್ಲರ ಹೆಸರೂ ಉಂಟು, ಚಿನ್ನದ ಬಣ್ಣ ಮಾತ್ರ ತೀರಿಕೊಂಡವರಿಗೆ. ಬದುಕಿರುವವರದು ಬರೀ ಕೊರೆದ ಅಕ್ಷರ. ಅವರೂ ಹೋದ ಮೇಲೆ ಕಲ್ಲು ಕೆತ್ತುವವನು ಬಂದು ಬಣ್ಣ ತುಂಬುತ್ತಾನೆ. ಹಾಗಾಗಿ ಬಸ್ಸಿಗೆ ಕಾಯುವವರು ಹೊಸದಾಗಿ ಯಾವ ಹೆಸರು ಹೊಳೆಯುತ್ತಿದೆ ಎಂದು ನೋಡುವುದೇ ಊರಿಗೆ ರೂಢಿಯಾಯಿತು.

ಉದ್ಘಾಟನೆಯ ದಿನ ತಮ್ಮನ ಹೆಂಡತಿಗೆ ವೇದಿಕೆಯ ಮೇಲೆ ಕುರ್ಚಿ, ಕೈಯಲ್ಲಿ ಹೂಗುಚ್ಛ. ನಮಗೆ ಕಂಬದ ಹಿಂದೆ ಜಾಗ. ನನ್ನವಳ ಮುಖ ಅಲ್ಲೇ ಗಂಟಿಕ್ಕಿತು.

"ಅವಳ ಗಂಡನ ಹೆಸರು ಹೇಗೆ ಫಳಫಳ ಅಂತಿದೆ ನೋಡಿ. ನಿಮ್ಮದನ್ನ ಹುಡುಕೋಕೆ ಕನ್ನಡಕ ಬೇಕು."

"ಅವನು ಸತ್ತಿದ್ದಾನೆ ಕಣೇ."

"ಅವನು ಒಂದು ದಿನ ಸತ್ತ. ಇಷ್ಟು ವರ್ಷ ನಿಮ್ಮ ಕಾಲಿಗೆ ಎಣ್ಣೆ ತಿಕ್ಕಿದ್ದು ಯಾರು? ನಂಗೊಂದು ಕುರ್ಚಿ ಬೇಡ್ವಾ?"

ಸುಳ್ಳೇಕೆ, ತಮ್ಮನ ಹೆಸರು ನೋಡಿ ನನಗೂ ಉರಿದಿತ್ತು. ಚಿಕ್ಕಂದಿನಲ್ಲೂ ಎಲ್ಲರ ಮುದ್ದು ಅವನಿಗೇ.

ಅಂದಿನಿಂದ ಮನೆಯಲ್ಲಿ ಹಾಲು ಉಕ್ಕಿದರೂ ಓರಗಿತ್ತಿಯ ಕುರ್ಚಿಯೇ ಕಾರಣ. ಕೊನೆಗೆ ಒಂದು ಮುಸ್ಸಂಜೆ ನನ್ನವಳು ಅದೇನೋ ಚೀಲ ಹಿಡಿದು ಹೊರಗೆ ಹೋದಳು. ಕಿಟಕಿ ಸರಳಿಗೆ ಬಳಿದು ಉಳಿದ ಚಿನ್ನದ ಬಣ್ಣದ ಡಬ್ಬಿ ಅದರಲ್ಲಿತ್ತೆಂದು ನನಗೇನು ಗೊತ್ತು? ರಾತ್ರಿ ನಗುನಗುತ್ತ ಬಡಿಸಿದಳು. ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ದಬದಬ ಬಡಿದರು. ಮುಖದ ತುಂಬ ನೊರೆ ಮೆತ್ತಿಕೊಂಡೇ ತೆಗೆದೆ. ತಮ್ಮನ ಹೆಂಡತಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ, ಅತ್ತು ಕಣ್ಣು ಊದಿತ್ತು. ಹಿಂದೆ ಹಾಲಿನವನು, ದರ್ಜಿ, ಇಬ್ಬರದೂ ಸಪ್ಪೆ ಮೋರೆ.

"ಭಾವ! ಕಲ್ಲಿನ ಮೇಲೆ ನಿಮ್ಮ ಹೆಸರು ಹೊಳೀತಿದೆ!"

"ಇವರು ಇದ್ದಾರಲ್ರೀ," ಎಂದ ದರ್ಜಿ, ತುಸು ಬೇಸರದಿಂದಲೇ. ಅಂಗಡಿ ಮುಚ್ಚಿ ಬಂದಿದ್ದನಂತೆ.

ತಿರುಗಿ ನೋಡಿದೆ. ಒಳಬಾಗಿಲು ಹಿಡಿದು ನಿಂತ ನನ್ನವಳ ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣ. ಓರಗಿತ್ತಿಯೂ ಅದನ್ನು ಕಂಡಳು. ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದುಕೊಂಡೆ. ಅವಳು ಹೊಸ್ತಿಲಲ್ಲೇ ಕುಸಿದು, ಮೊದಲಿಗಿಂತ ಜೋರಾಗಿ ಅತ್ತಳು.

"ಅವತ್ತೂ ಹೀಗೇ ಸುದ್ದಿ ಬಂತು ಅಕ್ಕ. ಸುಳ್ಳಿರಬಹುದು ಅಂತ ಎಷ್ಟು ವರ್ಷ ಬಾಗಿಲು ಕಾದೆ. ಸುಳ್ಳಾಗಿದ್ದು ನಿನ್ನ ಮನೇಲಿ. ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯತ್ತೆ ಗೊತ್ತಾ? ಈಗ ಅಳ್ತಾ ಓಡಿ ಬರುವಾಗಲೂ, ಇನ್ನು ಇವಳೂ ನನ್ನ ಹಾಗೇ ಅಂತ ಅನ್ನಿಸ್ತು. ಅನ್ನಿಸ್ತು ಕಣಕ್ಕ, ಏನು ಮಾಡ್ಲಿ?"

ನನ್ನವಳು ಒಳಗೆ ಹೋಗಿ ಸೀಮೆಎಣ್ಣೆ ಬಾಟಲಿ, ಹಳೇ ಬಟ್ಟೆ ತಂದಳು. ತನ್ನ ಚಪ್ಪಲಿಯನ್ನು ಓರಗಿತ್ತಿಯ ಕಾಲ ಬಳಿ ಇಟ್ಟಳು.

"ಏಳು. ಬಣ್ಣ ಇನ್ನೂ ಪೂರ್ತಿ ಒಣಗಿರಲ್ಲ, ಒರೆಸಿ ಬರೋಣ."

ಇಬ್ಬರೂ ಹೋದರು, ನನ್ನವಳು ಬರಿಗಾಲಲ್ಲಿ. ಅವರು ತಿರುಗಿ ಬರುವವರೆಗೂ ನಾನು ಅರ್ಧ ಗಡ್ಡದಲ್ಲಿ ಹೊಸ್ತಿಲಲ್ಲೇ ನಿಂತಿದ್ದೆ. ಬಾಗಿಲು ಹಾಕಲಿಲ್ಲ.