ಮೂರನೆಯ ದರ

ಪೊರಕೆ, ಬಕೆಟ್ಟು ಇಡುವ ಆ ಚಿಕ್ಕ ಕೋಣೆಗೆ ಸೀಲಿಂಗ್ ಉಂಟೋ ಇಲ್ಲವೋ? ನಕ್ಷೆ ಬಾಯಿ ಬಿಡುತ್ತಿರಲಿಲ್ಲ. ಮಿಶಿಗನ್ ರಾಜ್ಯದ ಆನ್ ಆರ್ಬರಿನ ಆ ಕ್ಲಿನಿಕ್ಕಿನ ಉಳಿದ ಕೋಣೆಗಳನ್ನೆಲ್ಲ ವಿಶ್ರುತ್ ಪರದೆಯ ಮೇಲೆ ಮೌಸಿನಿಂದ ಗೆರೆ ಎಳೆದು ಅಳೆದು ಮುಗಿಸಿದ್ದ. ಕಟ್ಟಡ ಇನ್ನೂ ಎದ್ದಿರಲಿಲ್ಲ. ಎದ್ದ ಮೇಲೂ ಅವನು ಅದನ್ನು ನೋಡುತ್ತಾನೆಂಬ ಖಾತ್ರಿ ಇರಲಿಲ್ಲ. ಆದರೂ ಒಂದು ಕೋಣೆಯನ್ನು ಬೋಳುತಲೆಯಲ್ಲಿ ಬಿಡಲು ಮನಸ್ಸು ಒಪ್ಪಲಿಲ್ಲ.

ಮಧ್ಯಾಹ್ನ ಎರಡಕ್ಕೆ ಗಡುವು. ಅಷ್ಟರೊಳಗೆ ಬಿಡ್ಡಿಂಗ್ ವೆಬ್‌ಸೈಟಿನಲ್ಲಿ ದರ ಹಾಕಬೇಕು.

ದೊಡ್ಡ ಕಂಟ್ರಾಕ್ಟರುಗಳು ತಮ್ಮ ಕಟ್ಟಡಗಳ ನಕ್ಷೆಗಳನ್ನು ಆ ಸೈಟಿನಲ್ಲಿ ಹಾಕಿ, ಬಣ್ಣಕ್ಕೆ, ನೆಲಕ್ಕೆ, ಸೀಲಿಂಗಿಗೆ ಸಣ್ಣ ಕಂಪನಿಗಳನ್ನು ಕರೆಯುತ್ತಾರೆ. ಯಾರ ದರ ಹಿಡಿಸಿತೋ ಅವರಿಗೆ ಕೆಲಸ. 'ವಿಶ್ರುತ್, ನಿಮ್ಮನ್ನು ಆಹ್ವಾನಿಸಲಾಗಿದೆ' ಎಂದು ಮೊದಲ ಸಲ ಓದಿದಾಗ ಅವನಿಗೆ ಮದುವೆಯ ಕರೆಯೋಲೆ ಬಂದಷ್ಟು ಖುಷಿಯಾಗಿತ್ತು. ಈ ದೇಶದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಬಹಳ ಜನ ಇರಲಿಲ್ಲ. ಕರೆದವರಿಗೆಲ್ಲ ಅವನು ಒಂದೂ ತಪ್ಪದೆ ದರ ಕೊಟ್ಟಿದ್ದ. ಒಂದೂ ಕೆಲಸ ಬಂದಿರಲಿಲ್ಲ. ಬರುತ್ತದೆ, ಹೆಸರು ಪರಿಚಯವಾಗಲಿ ಎಂದು ತನಗೇ ಹೇಳಿಕೊಂಡಿದ್ದ.

"ಏನ್ರೀ ವಿಶ್ರುತ್, ಆತೇನು?"

ಬಾಗಿಲಲ್ಲಿ ವಿಜಯ್ ಕುಮಾರ್. ಹುಬ್ಬಳ್ಳಿಯವರು, ಸ್ಟರ್ಲಿಂಗ್ ಹೈಟ್ಸಿನ ಈ ಪುಟ್ಟ ಸೀಲಿಂಗ್ ಕಂಪನಿಯ ಮಾಲೀಕರು.

"ಆಗ್ತಾ ಇದೆ ಸರ್."

"ಈ ಸಲನರ ಒಂದು ಹೊಡೀಬೇಕ್ರಿ."

ಅವರು ಹೋದರು. ಮಾತು ಹೋಗಲಿಲ್ಲ. ಕಳೆದ ವಾರವೂ ಇದನ್ನೇ ಅಂದಿದ್ದರು. ವಿಶ್ರುತ್ ಅದನ್ನು ನೋಟೀಸೆಂದೇ ಓದಿಕೊಂಡಿದ್ದ. ಡಿಯರ್‌ಬಾರ್ನಿನ ಕಾರಿನ ಕಂಪನಿಯಲ್ಲಿ ಎಂಜಿನಿಯರನಾಗಿದ್ದವನು ಒಂದು ಬೆಳಿಗ್ಗೆ ಬೇಡವಾಗಿದ್ದ. ವೀಸಾದ ನಿಯಮದಂತೆ ಎರಡು ತಿಂಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕೊನೆಯ ವಾರದಲ್ಲಿ, ದೇವಸ್ಥಾನದ ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ವಿಜಯ್ ಕುಮಾರ್, "ನಮ್ಮಲ್ಲಿ ಬರ್ರಿ" ಅಂದಿದ್ದರು, ಅಷ್ಟೆ. ಆ ಉಪ್ಪು ತಿಂದಿದ್ದೇನೆ ಎಂಬುದನ್ನು ವಿಶ್ರುತ್ ಒಂದು ದಿನವೂ ಮರೆತಿರಲಿಲ್ಲ. ಈಗ ವೀಸಾ ಮತ್ತೆ ಮುಗಿಯುತ್ತ ಬಂದಿತ್ತು. ಈ ಕೆಲಸ ಬಂದರೆ ಕಾಗದಕ್ಕೆ ಅವರ ಸಹಿ ಕೇಳಬಹುದು. ಬರದಿದ್ದರೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ಪೊರಕೆ ಕೋಣೆಯದನ್ನು ಕೇಳಿಯೇ ಬಿಡೋಣವೆಂದು ಡೆಟ್ರಾಯಿಟಿನ ಕಂಟ್ರಾಕ್ಟರ್ ಆಫೀಸಿಗೆ ಫೋನ್ ಮಾಡಿದ. ಅಲ್ಲಿ ಬಿಡ್‌ಗಳನ್ನು ನೋಡಿಕೊಳ್ಳುವವಳು ತನಿಷಾ, ದೇವಸ್ಥಾನದಲ್ಲಿ ಪರಿಚಯವಾಗಿದ್ದ ಪದ್ಮಾ ಆಂಟಿಯ ಮಗಳು. ಅವಳ ಹೈಸ್ಕೂಲಿನ ಲೆಕ್ಕಕ್ಕೆ ಇವನೇ ಪಾಠ ಹೇಳಿದ್ದ.

"ಹಾಯ್ ವಿಶ್ರುತ್ ಅಂಕಲ್! ಆಲ್ ಗುಡ್?"

"ಆ ಜಾನಿಟರ್ ರೂಮು ತನಿಷಾ, ಅದಕ್ಕೂ ಸೀಲಿಂಗ್ ಹಾಕ್ಬೇಕಾ?"

"ಓ ಅಂಕಲ್, ಡೋಂಟ್ ವರಿ. ಯಾವ್ದಾದ್ರೂ ಒಂದು ನಂಬರ್ ಹಾಕಿಬಿಡಿ. ಬಿಲ್ಡಿಂಗ್ ಓನರ್‌ಗೆ ಮೂರು ನಂಬರ್ ತೋರಿಸ್ಬೇಕು, ಅಷ್ಟೆ."

"ಮೂರು."

"ಯಾ. ಕೆಲಸ ಯಾರಿಗೆ ಅಂತ ಸಾರ್ಟ್ ಆಫ್ ಡಿಸೈಡ್ ಆಗಿದೆ. ಬೇರೆಯವ್ರು ಇನ್ವೈಟ್ ಓಪನ್ ಕೂಡ ಮಾಡಲ್ಲ. ನೀವು ಆಲ್ವೇಸ್ ಹಾಕ್ತೀರ. ಐ ಆಮ್ ಸೋ ಗ್ರೇಟ್‌ಫುಲ್ ಅಂಕಲ್, ರಿಯಲಿ."

"ಪರವಾಗಿಲ್ಲಮ್ಮ," ಎಂದ. ಆಮೇಲೆ, "ಥ್ಯಾಂಕ್ಸ್."

ಫೋನ್ ಇಟ್ಟ ಮೇಲೆ ಥ್ಯಾಂಕ್ಸ್ ಏತಕ್ಕೆಂದು ಯೋಚಿಸಿದ. ಹೊಳೆಯಲಿಲ್ಲ. ಹುಡುಗಿ ಮುಚ್ಚುಮರೆ ಮಾಡಿರಲಿಲ್ಲ, ಮುಚ್ಚಿಡುವಂಥದ್ದೇನಾದರೂ ಇದೆಯೆಂದೇ ಅವಳಿಗೆ ಅನ್ನಿಸಿರಲಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನ ಬೀದಿಯಲ್ಲಿ ಪುಟ್ಟ ಮಕ್ಕಳನ್ನು ಅಳಿಸಬಾರದೆಂದು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವು ಔಟಾದರೂ ಔಟಲ್ಲ, ಹೊಡೆದರೂ ರನ್ನಲ್ಲ. ಇವನದು ತಿರುಗಾಮುರುಗಾ: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆ ಮಕ್ಕಳಿಗಾದರೂ ಆಡಿದ ಸಂತೋಷ ಸಿಗುತ್ತಿತ್ತು.

ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ ಬಂದ ಸಿಟ್ಟು, ಒಳ್ಳೆಯದೇ ಅನ್ನಿಸಿತು. ಪರದೆಯಲ್ಲಿ ಎರಡು ಗುಂಡಿಗಳಿದ್ದವು: 'ಬಿಡ್ ಮಾಡುತ್ತೇವೆ', 'ಮಾಡುವುದಿಲ್ಲ'. ಎರಡನೆಯದನ್ನು ಅವನು ಈವರೆಗೆ ಮುಟ್ಟಿರಲಿಲ್ಲ. ಒತ್ತಿದರೆ ಮೂರು ಎರಡಾಗುತ್ತದೆ. ಓನರ್ ಯಾಕೆ ಎರಡೇ ಎನ್ನುತ್ತಾನೆ, ತನಿಷಾ ತಡವರಿಸುತ್ತಾಳೆ, ಯಾರೋ ಒಬ್ಬರು 'ವಿಶ್ರುತ್ ಎಲ್ಲಿ?' ಎಂದು ಕೇಳುತ್ತಾರೆ. ಇದ್ದಾಗ ಕೇಳದವರು ಇಲ್ಲದಾಗ ಕೇಳುತ್ತಾರೆ. ಬೆರಳು ಆ ಗುಂಡಿಯ ಮೇಲೆ ನಿಂತಿತು.

ಫೋನ್ ಅದುರಿತು. ಹೆಂಡತಿ ಮೈತ್ರೇಯಿ.

"ರೀ, ಪದ್ಮಾ ಆಂಟಿ ಫೋನ್ ಮಾಡಿದ್ರು. ಸಾಯಂಕಾಲ ಬರ್ಲೇಬೇಕಂತೆ. ಶ್ರಾವಣ ಶುಕ್ರವಾರ ಅಲ್ವಾ, ಐದು ಜನ ಮುತ್ತೈದೆಯರನ್ನ ಕೂರಿಸ್ತಿದಾರೆ. ಲತಾಶ್ರೀ ಫ್ಲೈಟು ಚಿಕಾಗೋದಲ್ಲೇ ನಿಂತುಬಿಟ್ಟಿದೆ. ಒಬ್ರು ಕಮ್ಮಿ."

"ಅಂದ್ರೆ ನೀನು ಲೆಕ್ಕಕ್ಕೆ."

"ಹೂಂ, ಲೆಕ್ಕಕ್ಕೇ. ಏನೀಗ?"

"ಬೇಜಾರಾಗಲ್ವಾ?"

"ಯಾಕೆ ಬೇಜಾರು? ಮಣೆ ಮೇಲೆ ಕೂರಿಸಿ ಕಾಲಿಗೆ ಅರಿಶಿನ ಹಚ್ಚುವಾಗ ನೀನು ಎಷ್ಟನೆಯವಳು ಅಂತ ಯಾರೂ ಕೇಳಲ್ಲ. ನಾನು ಹೋಗ್ಲಿಲ್ಲ ಅಂದ್ರೆ ಉಳಿದ ನಾಲ್ಕು ಜನ ಬೆಪ್ಪುತಕ್ಕಡಿಗಳ ಹಾಗೆ ಕೂತಿರ್ಬೇಕು. ನಿಮ್ಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ. ಬೇಗ ಬಂದು ಕರ್ಕೊಂಡು ಹೋಗಿ."

ಅವಳ ದನಿಯಲ್ಲಿ ಹಬ್ಬವಿತ್ತು. ಇಡೀ ವಾರ ಮನೆಯಲ್ಲಿ ಒಬ್ಬಳೇ ಇರುವವಳು, ಅವಳ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಸಂತೋಷವಾಗಿದ್ದಾಳಲ್ಲ, ಸದ್ಯ, ಎಂದುಕೊಂಡು ಎದ್ದ. ಗುಂಡಿ ಒತ್ತುವ ಮುಂಚೆ ಮಾಲೀಕರಿಗೆ ನಿಜ ಹೇಳಬೇಕು. ಹೇಳಿದರೆ ತನ್ನ ಕುರ್ಚಿಗೆ ಅರ್ಥವಿಲ್ಲವೆಂದು ತಾನೇ ಹೇಳಿದಂತೆ. ಹೇಳದಿದ್ದರೆ ಅನ್ನ ಕೊಟ್ಟವರಿಗೆ ಎರಡು ಬಗೆದಂತೆ. ಅವರ ಕ್ಯಾಬಿನ್ನಿಗೆ ನಾಲ್ಕೇ ಹೆಜ್ಜೆ.

ವಿಜಯ್ ಕುಮಾರ್ ಶೇಂಗಾ ಸುಲಿಯುತ್ತಿದ್ದರು.

"ಸರ್, ಒಂದು ವಿಷ್ಯ ಹೇಳ್ಬೇಕಿತ್ತು."

"ಮೊದ್ಲ ಕುಂದರ್ರಿ."

"ಆನ್ ಆರ್ಬರ್ ಕೆಲಸ ನಮಗೆ ಬರಲ್ಲ ಸರ್. ಅವ್ರಿಗೆ ಮೂರನೇ ನಂಬರ್ ಬೇಕು ಅಂತ ನಮ್ಮನ್ನ ಕರೀತಾರೆ. ಇದೊಂದೇ ಅಲ್ಲ. ಮೊದ್ಲಿಂದ್ಲೂ ಹಂಗೇ."

ವಿಜಯ್ ಕುಮಾರ್ ಒಂದು ಬೀಜ ಬಾಯಿಗೆ ಹಾಕಿಕೊಂಡರು.

"ಗೊತ್ತೈತ್ರಿ ನನಗ."

ವಿಶ್ರುತ್ ಅವರ ಮುಖ ನೋಡಿದ. ತಮಾಷೆಯಲ್ಲ.

"ಮತ್ತೆ, ಈ ಸಲನಾದ್ರೂ ಒಂದು ಹೊಡೀಬೇಕು ಅಂದ್ರಿ?"

"ಮಾಲಕ ಅಂದಮ್ಯಾಲ ಹಂಗ ಅನ್ನಬೇಕಾಗ್ತೈತಿ. ಇಲ್ಲಾಂದ್ರ ನಿಮಗೂ ಬ್ಯಾಸರ." ನಕ್ಕರು. "ನೋಡ್ರಿ, ಕೆಲಸ ನನಗ ಫೋನಿನ್ಯಾಗ ಬರ್ತಾವ. ಮೋಟೆಲ್ನವರು, ಹಲ್ಲಿನ ಡಾಕ್ಟರು, ಮೊನ್ನೆ ಆ ಕಿರಾಣಿ ಅಂಗಡಿ. ಆದ್ರ ಸೈಟಿನ್ಯಾಗ ನಮ್ಮ ಹೆಸರು ಕಾಣ್ತಿರಬೇಕು. ಬ್ಯಾಂಕಿನವ ಬರ್ತಾನ, ದರ ಹಾಕೋ ಎಸ್ಟಿಮೇಟರ್ ಎಲ್ಲಿ ಅಂತಾನ. ಅಲ್ಲಿ ಕುಂತಾರ ನೋಡ್ರಿ ಅಂತ ನಿಮ್ಮನ್ನ ತೋರಸ್ತೀನಿ. ಆ ಕುರ್ಚಿ ಖಾಲಿ ಇದ್ರ ಇದು ಕಂಪನಿ ಅಂತ ಯಾರು ನಂಬ್ತಾರ್ರಿ?"

ವಿಶ್ರುತ್ ತಲೆ ಆಡಿಸಿದ.

"ಮುಖ ಯಾಕ ಸಣ್ಣದು ಮಾಡೀರಿ? ನಿಮ್ಮ ವೀಸಾದ ಪೇಪರಿಗೆ ವಕೀಲಗ ನಿನ್ನೆನ ಹೇಳೀನಿ. ಇನ್ನ ಚಿಂತಿ ಬಿಡ್ರಿ. ಶೇಂಗಾ ತಗೋರಿ."

ಕಣ್ಣು ತುಂಬಿ ಬಂತು. ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಕಲ್ಲು ಒಂದು ಹಿಡಿ ಶೇಂಗಾ ಜೊತೆ ಇಳಿದುಹೋಗಿತ್ತು. ಮೈತ್ರೇಯಿಗೆ ಹೇಳಬೇಕು. ಊರಿಗೆ ಹೇಳಬೇಕು.

"ತುಂಬಾ ಉಪಕಾರ ಆಯ್ತು ಸರ್. ಈ ಜನ್ಮದಲ್ಲಿ ಮರೆಯಲ್ಲ."

ಕುರ್ಚಿ ತುಂಬಲಷ್ಟೇ ಕೂರಿಸಿದವರಿಗೆ ಹೇಳಿದ ಆ ಮಾತು ಎದೆಯಿಂದಲೇ ಬಂದಿತ್ತು, ಒಂದಿಷ್ಟೂ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

ತನ್ನ ಜಾಗಕ್ಕೆ ಬಂದು ಕೂತ. ಪೊರಕೆ ಕೋಣೆಗೂ ಸೀಲಿಂಗ್ ಸೇರಿಸಿದ. ಮತ್ತೊಮ್ಮೆ ಕೂಡಿ ನೋಡಿದ. ಯಾರೂ ಓದದ ದರದಲ್ಲಿ ಒಂದು ತಪ್ಪೂ ಇರಬಾರದೆಂದು ಅವನಿಗೆ ಯಾಕೋ ಹಟ ಹಿಡಿದಿತ್ತು. ಗಡುವಿಗೆ ಇನ್ನೂ ಹೊತ್ತಿರುವಾಗಲೇ 'ಬಿಡ್ ಮಾಡುತ್ತೇವೆ' ಒತ್ತಿ ದರ ಹಾಕಿದ. 'ಭಾಗವಹಿಸಿದ್ದಕ್ಕೆ ಧನ್ಯವಾದಗಳು' ಎಂದಿತು ಪರದೆ. ಇಷ್ಟು ದಿನ ಆ ಸಾಲನ್ನು ಓದಿ ಅವನು ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಇವತ್ತೂ ಮಾಡಿಕೊಂಡ.

ಕ್ಯಾಂಟನ್ನಿನ ಸಬ್‌ಡಿವಿಷನ್ನಿನಲ್ಲಿ ಪದ್ಮಾ ಆಂಟಿಯ ಮನೆಯ ಮುಂದೆ ಕಾರುಗಳ ಸಾಲು. ದಾರಿಯುದ್ದಕ್ಕೂ ಮೈತ್ರೇಯಿ ವಿಜಯ್ ಕುಮಾರ್‌ರನ್ನು ಹರಸಿದ್ದೇ ಹರಸಿದ್ದು. "ದೇವರಂಥ ಮನುಷ್ಯ ಕಣ್ರೀ." "ಹೌದು," ಎಂದಿದ್ದ. ಉಳಿದದ್ದನ್ನು ಹೇಳಿರಲಿಲ್ಲ.

ಗಂಡಸರು ನೆಲಮಾಳಿಗೆಯಲ್ಲಿ ಟಿವಿ ಹಚ್ಚಿಕೊಂಡಿದ್ದರು. ವಿಶ್ರುತ್ ಕೆಳಗೆ ಇಳಿಯದೆ ಚಪ್ಪಲಿಗಳ ಪಕ್ಕದ ಬೆಂಚಿನಲ್ಲಿ ಕೂತ. ತನಿಷಾ ಪೇಪರ್ ಪ್ಲೇಟಿನಲ್ಲಿ ಕೋಸಂಬರಿ ತಂದುಕೊಟ್ಟಳು. ಮೈಮೇಲೆ ಅಮ್ಮನ ಸೀರೆ, ಕೈಯಲ್ಲಿ ಫೋನು.

"ಅಂಕಲ್, ಯು ಸೇವ್ಡ್ ಮೈ ಲೈಫ್ ಟುಡೇ."

"ಆ ಜಾನಿಟರ್ ರೂಮೂ ಸೇರಿಸಿದೀನಿ."

"ಯಾವ ರೂಮು?" ಎಂದಳು. ಆಮೇಲೆ, "ಓ, ರೈಟ್! ಆಸಮ್," ಎಂದು ಒಳಗೆ ಹೋದಳು.

ಹಾಲಿನಲ್ಲಿ ಐದು ಮಣೆ. ಕೊನೆಯದರಲ್ಲಿ ಮೈತ್ರೇಯಿ. ಪದ್ಮಾ ಆಂಟಿ ಅವಳ ಮುಂದೆ ಕೂತು, ಮಂಡಿನೋವಿಗೆ ಮುಖ ಕಿವುಚುತ್ತ, ಪಾದಕ್ಕೆ ಅರಿಶಿನ ಹಚ್ಚಿದರು. ಕುಂಕುಮವಿಟ್ಟು ಹೂ ಮುಡಿಸಿದರು. ಆಮೇಲೆ ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳ ಕಾಲಿಗೆ ಹಣೆ ಹಚ್ಚಿದರು. ಮೈತ್ರೇಯಿ ಕಣ್ಣು ಮುಚ್ಚಿದ್ದಳು. ಹೌದಲ್ಲ, ಯಾರೂ ಅವಳನ್ನು ಎಷ್ಟನೆಯವಳೆಂದು ಕೇಳಲಿಲ್ಲ. ಅವಳಿಗೆ ಇದಾದರೂ ಸಿಕ್ಕಿತಲ್ಲ ಎಂದು ಅವನಿಗೆ ನಿಜವಾಗಿ ಸಮಾಧಾನವಾಯಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ತನ್ನ ಕಾಲುಗಳನ್ನು ನೋಡಿಕೊಂಡ. ಬಲಗಾಲಿನ ಸಾಕ್ಸು ಹೆಬ್ಬೆರಳ ಹತ್ತಿರ ತೂತಾಗಿತ್ತು. ಬೆಂಚಿನ ಕೆಳಕ್ಕೆ ಎಳೆದುಕೊಂಡ.

ವಾಪಸು ಬರುವಾಗ ಎಂಟಾಗಿದ್ದರೂ ಬಿಸಿಲು ಇನ್ನೂ ಇತ್ತು. ಮೈತ್ರೇಯಿ ತಾಂಬೂಲದ ಚೀಲ ಬಿಚ್ಚಿದಳು. ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಒಂದು ಹಸಿರು ರವಿಕೆ ಕಣ. ಕಣವನ್ನು ತಿರುಗಿಸಿ ನೋಡಿದವಳೇ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ರಾಮ! ನೋಡ್ರೀ ಇಲ್ಲಿ. ಮೂಲೇಲಿ ಇಂಕಿನ ಚುಕ್ಕೆ. ಹೋದ ವರ್ಷ ಗೌರಿ ಹಬ್ಬಕ್ಕೆ ನಾನೇ ಲತಾಶ್ರೀಗೆ ಕೊಟ್ಟಿದ್ದು ಇದು! ಅವಳು ಯಾರಿಗೆ ಕೊಟ್ಟಳೋ, ಅವರು ಯಾರಿಗೆ ಕೊಟ್ಟರೋ. ಪೂರ್ತಿ ಮಿಶಿಗನ್ ಸುತ್ತಿ ಮನೆಗೆ ಬಂದಿದೆ, ಪಾಪ."

ಅವನೂ ನಕ್ಕ. ಆಮೇಲೆ ಕೇಳಿದ, "ಯಾರೂ ಹೊಲಿಸಲ್ವಾ?"

"ಹೊಲಿಸಕ್ಕೆಲ್ಲಿ ಬರುತ್ತೆ? ಅಳತೆ ಸಾಲಲ್ಲ. ತೋಳಿಗೇ ಬಟ್ಟೆ ಇರಲ್ಲ." ಅವಳು ಕಣ್ಣೊರೆಸಿಕೊಂಡಳು. "ಕೊಡೋಕೆ ಅಂತಲೇ ಕತ್ತರಿಸಿರ್ತಾರೆ ರೀ ಇವನ್ನ."

ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಬಂತು. ಅವನು ಇಂಡಿಕೇಟರ್ ಹಾಕಿದ.

ಗ್ಯಾರೇಜಿನಲ್ಲಿ ಕಾರು ನಿಂತ ಮೇಲೆ ಮೈತ್ರೇಯಿ ಕಾಯಿ, ಹಣ್ಣು ಹಿಡಿದು ಒಳಗೆ ಹೋದಳು. ಹೋಗುತ್ತ ಗೋಡೆಯ ಗುಂಡಿ ಒತ್ತಿದಳು. ಕಾರಿನ ಹಿಂದೆ ಗ್ಯಾರೇಜಿನ ಬಾಗಿಲು ಗರಗರ ಎಂದು ಇಳಿಯಿತು. ಕಣ ಸೀಟಿನ ಮೇಲೆ ಉಳಿದಿತ್ತು. ಫೋನು ಬೆಳಗಿತು: 'ವಿಶ್ರುತ್, ನಿಮ್ಮನ್ನು ಆಹ್ವಾನಿಸಲಾಗಿದೆ.' ಬೇರೆ ಕಂಟ್ರಾಕ್ಟರು, ಡಿಯರ್‌ಬಾರ್ನಿನಲ್ಲೊಂದು ಶಾಲೆ. ಬೆರಳು ಅವನನ್ನು ಕೇಳದೆಯೇ 'ಬಿಡ್ ಮಾಡುತ್ತೇವೆ' ಒತ್ತಿತು. ಧನ್ಯವಾದಗಳು ಎಂದಿತು ಫೋನು.

ಕಣವನ್ನು ತೊಡೆಯ ಮೇಲೆ ಬಿಡಿಸಿದ. ಅಭ್ಯಾಸ, ಗೇಣು ಹಾಕಿ ಅಳೆದ. ಎರಡು ಕೈಯಲ್ಲಿ ಎತ್ತಿ ತನ್ನ ಎದೆಗೆ ಹಿಡಿದು ನೋಡಿದ. ಒಂದು ಭುಜದಿಂದ ಹೊರಟರೆ ಇನ್ನೊಂದರವರೆಗೆ ಬಂತು, ಬೆನ್ನಿಗೆ ತಿರುಗಲಿಲ್ಲ.

"ರೀ, ಆ ಕಣ ತನ್ನಿ," ಒಳಗಿನಿಂದ ಮೈತ್ರೇಯಿ ಕೂಗಿದಳು. "ಮುಂದಿನ ಶುಕ್ರವಾರ ಬೇಕಾಗುತ್ತೆ."

"ಬಂದೆ," ಎಂದ.

ಗ್ಯಾರೇಜಿನ ದೀಪ ಹೊತ್ತು ಮುಗಿದು ತಾನೇ ಆರಿತು. ಕತ್ತಲಲ್ಲಿ ಅವನು ಬಟ್ಟೆ ಮಡಿಚಲು ಹೋದ. ಅವನ ಕೈ ಬೇಕಾಗಲಿಲ್ಲ. ಬಟ್ಟೆಗೆ ತನ್ನ ಹಳೆಯ ಮಡಿಕೆಗಳು ಗೊತ್ತಿದ್ದವು. ಒಂದೊಂದಾಗಿ ಮಡಿಚಿಕೊಂಡು, ಇನ್ನೊಬ್ಬರಿಗೆ ಕೊಡುವಷ್ಟು ಚಿಕ್ಕದಾಗಿ, ಅದು ಅವನ ಅಂಗೈಯಲ್ಲಿ ಕೂತಿತು.